ಹೊಳೆಯುವ ಬ್ರೇಕು, ಹಳದಿಯಾದ ನೀರು

ಮಳೆಗಾಲ ಮುಗಿದು ಘಾಟಿಯ ರಸ್ತೆಗಳು ಒಣಗುತ್ತಿದ್ದಂತೆ ನಮ್ಮ ಪೇಟೆಗಳ ಗ್ಯಾರೇಜುಗಳ ಮುಂದೆ ಬೈಕುಗಳ ಸಾಲು ಬೆಳೆಯುತ್ತದೆ. ಕೆಸರು ತೊಳೆಸಲು ಬಂದವರ ನಡುವೆ, ಮುಂದಿನ ಚಕ್ರದ ಬ್ರೇಕ್ ಕ್ಯಾಲಿಪರನ್ನೇ ಕಳಚಿಸಿ ಕ್ರೋಮ್ ಲೇಪನಕ್ಕೆ ಕಳುಹಿಸುವ, ಇಲ್ಲವೇ ಕ್ರೋಮಿನ ಹೊಳಪುಳ್ಳ ಬೇರೊಂದನ್ನು ಕೂರಿಸಿಕೊಳ್ಳುವ ತರುಣರೂ ಇರುತ್ತಾರೆ. ಪರಿಸರದ ಪತ್ರಿಕೆಗೆ ಬೈಕಿನ ಬಿಡಿಭಾಗದ ಗೊಡವೆ ಏಕೆಂದು ಓದುಗರು ಕೇಳಬಹುದು. ಆ ಹೊಳಪು ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ವಿಚಾರಿಸಿದರೆ ಇದು ನಮ್ಮದೇ ವಿಷಯವೆಂಬುದು ಮನವರಿಕೆಯಾಗುತ್ತದೆ.

ಮೊದಲು ಸವಾರನ ಪ್ರಾಣದ ಮಾತು. ಚಕ್ರದೊಡನೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಅಂಗವೇ ಕ್ಯಾಲಿಪರ್. ಲೇಪನಕ್ಕೆ ಕಳುಹಿಸಬೇಕಾದರೆ ಬ್ರೇಕ್ ಆಯಿಲ್ ಹೊರಹಾಕಿ, ಪಿಸ್ಟನ್ನು, ಸೀಲು, ಪ್ಯಾಡುಗಳನ್ನೆಲ್ಲ ಬಿಡಿಸಬೇಕು. ಪಿಸ್ಟನ್ ಚಲಿಸುವ ರಂಧ್ರದೊಳಕ್ಕೆ ಲೇಪನವೋ ಆಮ್ಲವೋ ಇಳಿದರೆ ಅದು ಸರಾಗವಾಗಿ ಚಲಿಸದು. ಮರಳಿ ಜೋಡಿಸುವಾಗ ಕೊಳವೆಯಲ್ಲಿ ಗಾಳಿ ಉಳಿದರೆ ಹಿಡಿ ಒತ್ತಿದರೂ ಬ್ರೇಕು ಹಿಡಿಯದು. ಬೇರೊಂದು ಕ್ಯಾಲಿಪರ್ ಹಾಕಿದರೂ ಅದರ ಪಿಸ್ಟನ್ನಿನ ಅಳತೆ ಹಿಡಿಯ ಬಳಿಯ ಮಾಸ್ಟರ್ ಸಿಲಿಂಡರಿಗೆ ಹೊಂದದಿದ್ದರೆ ಬ್ರೇಕಿನ ಹದವೇ ಕೆಡುತ್ತದೆ. ಬಯಲಿನ ರಸ್ತೆಯಲ್ಲಿ ಮರೆತುಹೋಗುವ ಇಂಥ ದೋಷ, ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಕ್ಷಮಿಸುವುದಿಲ್ಲ.

ಇನ್ನು ಹೊಳಪಿನ ಮಾತು. ಅಲಂಕಾರದ ಕ್ರೋಮ್ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ಕಡಿಮೆ. ತಲೆಗೂದಲಿನ ಮುಂದೆ ಅದು ಲೆಕ್ಕಕ್ಕೇ ಇಲ್ಲದಷ್ಟು ತೆಳು. ಆದರೆ ಆ ತೆಳು ಪದರವನ್ನು ಕೂರಿಸಲು ಬಹುಕಾಲದಿಂದ ಬಳಕೆಯಲ್ಲಿರುವುದು ಕ್ರೋಮಿಕ್ ಆಮ್ಲದ ತೊಟ್ಟಿ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಮನುಷ್ಯರಲ್ಲಿ ಕ್ಯಾನ್ಸರ್ ತರುವುದೆಂದು ಖಚಿತವಾಗಿರುವ ವಸ್ತು. ತೊಟ್ಟಿಯಿಂದೇಳುವ ಮಂಜನ್ನು ಉಸಿರಾಡುವ ಕಾರ್ಮಿಕರ ಮೂಗಿನ ಒಳಗೋಡೆಯಲ್ಲಿ ಹುಣ್ಣಾಗಿ ತೂತು ಬೀಳುವುದು ವೈದ್ಯಲೋಕಕ್ಕೆ ಹಳೆಯ ಸಂಗತಿ. ತೊಳೆದ ನೀರನ್ನು ಸಂಸ್ಕರಿಸದೆ ಚರಂಡಿಗೆ ಬಿಟ್ಟರೆ ವಿಷ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಕೂಡದೆನ್ನುತ್ತದೆ.

ಈ ಲೋಹದ ಮೂಲವೂ ನಮ್ಮಂಥದೇ ಒಂದು ಗುಡ್ಡನಾಡು. ದೇಶದ ಕ್ರೋಮೈಟ್ ನಿಕ್ಷೇಪದ ಬಹುಪಾಲು ಇರುವುದು ಒಡಿಶಾದ ಸುಕಿಂದಾ ಕಣಿವೆಯಲ್ಲಿ, ಮಹಾಗಿರಿ ಮತ್ತು ದೈತಾರಿ ಬೆಟ್ಟಸಾಲುಗಳ ನಡುವೆ. ಅಲ್ಲಿಯ ಗಣಿಗಳ ನೀರು ದಮಸಾಲಾ ಹಳ್ಳಕ್ಕೆ ಸೇರಿ, ಮುಂದೆ ಬ್ರಾಹ್ಮಣಿ ನದಿಯನ್ನು ಕೂಡುತ್ತದೆ. 2007ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಜಗತ್ತಿನ ಹತ್ತು ಅತಿ ಕಲುಷಿತ ಸ್ಥಳಗಳ ಪಟ್ಟಿಯಲ್ಲಿ ಸುಕಿಂದಾವನ್ನು ಸೇರಿಸಿತು. ಅಲ್ಲಿಯ ಅದಿರು ಹೆಚ್ಚಾಗಿ ಉಕ್ಕಿನ ತಯಾರಿಕೆಗೆ ಹೋಗುತ್ತದೆ, ಲೇಪನಕ್ಕೆ ಸಲ್ಲುವುದು ಅಲ್ಪಭಾಗ ಎಂಬುದು ನಿಜ. ಆದರೆ ಉಕ್ಕಿಗೆ ಒಂದು ಅಗತ್ಯದ ಸಮರ್ಥನೆಯಾದರೂ ಇದೆ; ಬೈಕಿನ ಹೊಳಪಿಗೆ ಅದೂ ಇಲ್ಲ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ಕಾರ್ಖಾನೆಯೊಂದು 1990ರ ದಶಕದಲ್ಲಿ ಮುಚ್ಚಿದ ಮೇಲೂ ಲಕ್ಷಕ್ಕೂ ಮಿಕ್ಕಿದ ಟನ್ ತ್ಯಾಜ್ಯ ದಶಕಗಳ ಕಾಲ ಅಲ್ಲಿಯೇ ಬಿದ್ದಿತ್ತು. ಸುತ್ತಲಿನ ಅಂತರ್ಜಲ ಹಳದಿಯಾಯಿತು.

ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಾಗ ಭದ್ರೆ ಉಳಿದಳೆಂದು ನಾವೆಲ್ಲ ನಿಟ್ಟುಸಿರುಬಿಟ್ಟೆವು. ದಮಸಾಲಾ ಹಳ್ಳವೂ ಯಾರದೋ ಭದ್ರೆಯೇ ಅಲ್ಲವೇ? ನಮ್ಮ ಹೊಳೆಯನ್ನು ಕಾಯುವವರು ಇನ್ನೊಬ್ಬರ ಹೊಳೆಯ ವಿಷವನ್ನು ಚಕ್ರಕ್ಕೆ ಅಲಂಕಾರವಾಗಿ ತೊಡಿಸಿಕೊಂಡು ತಿರುಗುವುದು ಎಷ್ಟರಮಟ್ಟಿಗೆ ಸರಿ?

ದಾರಿ ಇಲ್ಲದಿಲ್ಲ. ವಿಷ ಕಡಿಮೆಯಿರುವ ಟ್ರೈವೇಲೆಂಟ್ ಕ್ರೋಮಿಯಂ ಬಳಸುವ ಲೇಪನ ವಿಧಾನವಿದೆ. ಅಲಂಕಾರಕ್ಕೆ ಹೆಕ್ಸಾವೇಲೆಂಟ್ ಕ್ರೋಮ್ ಬಳಸುವುದನ್ನು 2027ರಿಂದ ಮೊದಲ್ಗೊಂಡು ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಅಂಗೀಕರಿಸಿತು. ನಮ್ಮಲ್ಲಿಯೂ ಅಂಥ ನಿಯಮಕ್ಕಾಗಿ ಒತ್ತಾಯಿಸಬೇಕು. ಅದಕ್ಕೂ ಮೊದಲು ನಾವೇ ಮಾಡಬಹುದಾದದ್ದಿದೆ. ಕ್ಯಾಲಿಪರನ್ನು ಅದರ ಪಾಡಿಗೆ ಬಿಟ್ಟು, ಸೋಪಿನ ನೀರಿನಲ್ಲಿ ತೊಳೆದು ಒರೆಸಿದರೆ ಸಾಕು. ಕ್ರೋಮಿಗೆ ಕೂಡಿಟ್ಟ ಹಣದಿಂದ ಸವೆದ ಪ್ಯಾಡು ಬದಲಿಸಿ, ಕೈಪಿಡಿ ಹೇಳಿದ ಅವಧಿಗೆ ಬ್ರೇಕ್ ಆಯಿಲ್ ಹೊಸತು ಹಾಕಿಸಿ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸತಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದ ಡಾಟ್ 4 ಆಯಿಲ್, ನೀರು ಹೀರಿದ ಮೇಲೆ 155 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕೈಕೊಡುವುದು ಹೀಗೆಯೇ. ಹೊರತೆಗೆದ ಹಳೆಯ ಆಯಿಲನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಡುವಂತೆ ಗ್ಯಾರೇಜಿನವರನ್ನು ಕೇಳಿಕೊಳ್ಳಿ.

ಬ್ರೇಕು ಇರುವುದು ನೋಡುವವರ ಕಣ್ಣಿಗಲ್ಲ, ಮನೆಯಲ್ಲಿ ಕಾಯುವವರಿಗಾಗಿ. ಅದು ಹೊಳೆಯದಿದ್ದರೂ ಸರಿ, ಹಿಡಿದರೆ ಸಾಕು. ಹೊಳೆಯಬೇಕಾದದ್ದು ನಮ್ಮ ಹಳ್ಳದ ನೀರು, ಸುಕಿಂದಾದವರದೂ.