ಗಡಿಯಲ್ಲಿ ನಿಲ್ಲುವ ನಕಾಶೆ, ನಿಲ್ಲದ ರೋಗ

2020ರ ಜನವರಿ 22ರಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಕೊರೋನಾ ರೋಗದ ಹಬ್ಬುಗೆಯನ್ನು ತೋರಿಸುವ ಜಗತ್ತಿನ ನಕಾಶೆಯನ್ನು ಅಂತರ್ಜಾಲದಲ್ಲಿ ಸರ್ವರಿಗೂ ತೆರೆದಿಟ್ಟರು. ನಮ್ಮ ದೇಶದಲ್ಲಿಯೂ ಸ್ವಯಂಸೇವಕರ ತಂಡವೊಂದು ಜಿಲ್ಲಾವಾರು ಅಂಕಿಗಳನ್ನು ಕಲೆಹಾಕಿ, 2021ರ ಅಕ್ಟೋಬರ್ ಅಂತ್ಯದ ವರೆಗೆ ಅಂಥದೇ ಸೇವೆಯನ್ನು ಸಲ್ಲಿಸಿತು. ಇವು ಲೋಕೋಪಕಾರಿಗಳೆಂಬುದು ನಿರ್ವಿವಾದ. ಆದರೆ ಕೃಷ್ಣೆಯ ದಂಡೆಯ ಯಡೂರಿನ ಗೃಹಸ್ಥನಿಗೆ ಇವುಗಳಿಂದ ತಿಳಿದುದೆಷ್ಟು?

2020ರ ಏಪ್ರಿಲ್ 30ರ ಕೇಂದ್ರ ಸರಕಾರದ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಗೆ ಕಿತ್ತಳೆ ಬಣ್ಣ ದೊರೆಯಿತು. ಖಾನಾಪುರದ ಕಾಡಿನಿಂದ ಅಥಣಿಯ ಬಯಲಿನ ವರೆಗೆ ಒಂದೇ ಬಣ್ಣ! ಯಡೂರಿಗಾದರೋ ಬೆಳಗಾವಿಗಿಂತ ಮಿರಜವೇ ಸಮೀಪ. ಈ ಭಾಗದ ರೋಗಿಗಳು ಔಷಧೋಪಚಾರಕ್ಕಾಗಿ ಅತ್ತ ಹೋಗುವುದೂ, ವೀರಭದ್ರನ ದರ್ಶನಕ್ಕಾಗಿ ಮಹಾರಾಷ್ಟ್ರದ ಭಕ್ತರು ಇತ್ತ ಬರುವುದೂ ಇಂದು ನಿನ್ನೆಯದಲ್ಲ. 2020ರ ಮಾರ್ಚಿನಲ್ಲಿ ಸಾಂಗಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಕಂಡ ರೋಗವು ಯಡೂರಿನವರಿಗೆ ಬೆಂಗಳೂರಿನ ಅಂಕಿಗಿಂತ ಹತ್ತಿರದ ಸಂಗತಿ. ಆದರೆ ನಮ್ಮ ರಾಜ್ಯದ ದೈನಿಕ ಪ್ರಕಟಣೆಯು ಗಡಿಯಲ್ಲಿಯೇ ನಿಲ್ಲುತ್ತಿತ್ತು.

ರೋಗಕ್ಕೆ ಹದ್ದಿಲ್ಲವೆಂಬುದು ನಮಗೆ ಹೊಸ ಪಾಠವಲ್ಲ. 1898ರಲ್ಲಿ ಹುಬ್ಬಳ್ಳಿಯು ಮುಂಬಯಿ ಪ್ರಾಂತದಲ್ಲಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ರೈಲುಗಾಡಿ ಹತ್ತಿದ ಪ್ಲೇಗು ಯಾವ ಸರಕಾರದ ಅಪ್ಪಣೆಯನ್ನೂ ಕೇಳಲಿಲ್ಲ. 2021ರ ಫೆಬ್ರುವರಿಯಲ್ಲಿ ನಿಪ್ಪಾಣಿಯ ಬಳಿಯ ಕೊಗನೊಳ್ಳಿ ನಾಕೆಯಲ್ಲಿ ಮಹಾರಾಷ್ಟ್ರದಿಂದ ಬರುವವರಿಂದ ರೋಗವಿಲ್ಲವೆಂಬ ಪ್ರಮಾಣಪತ್ರವನ್ನು ಕೇಳಲಾಯಿತು. ಜನರನ್ನು ತಡೆದು ಕೇಳಿದ್ದು ಅವಶ್ಯವಿದ್ದಿರಬಹುದು; ಅಂಕಿಗಳನ್ನೂ ಗಡಿಯಲ್ಲಿ ತಡೆಯುವ ಅವಶ್ಯವೇನಿತ್ತು?

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ ಜಾನ್ ಸ್ನೋ ಎಂಬವರು ಮೃತರ ಸಂಖ್ಯೆಯನ್ನು ಮನೆಮನೆಯಂತೆ ನಕಾಶೆಯಲ್ಲಿ ಗುರುತಿಸಿದರು. ಗುರುತುಗಳು ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತಲೇ ದಟ್ಟವಾದವು. ಪಟ್ಟಣಕ್ಕೆಲ್ಲ ಒಂದೇ ಬಣ್ಣ ಬಳಿದಿದ್ದರೆ ಆ ಪಂಪು ಯಾರ ಕಣ್ಣಿಗೆ ಬೀಳುತ್ತಿತ್ತು?

ಊರುಗಳ ಲೆಕ್ಕವನ್ನು ಪ್ರಕಟಿಸಿದರೆ ರೋಗಿಗಳು ಬಹಿಷ್ಕಾರಕ್ಕೊಳಗಾಗುವರೆಂದು ಕೆಲವರು ಹೇಳುವರು. ಈ ಭಯವು ನಿರಾಧಾರವಲ್ಲ. 2020ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ಗೃಹಬಂಧನದಲ್ಲಿದ್ದವರ ವಿಳಾಸಗಳೇ ಬಯಲಾದವು. ಅದು ಸರ್ವಥಾ ಆಗಬಾರದಾಗಿತ್ತು. ಊರಿನ ಸಂಖ್ಯೆಯು ಜನರಿಗೆ ತಿಳಿಯಲಿ. ಮನೆಯ ಗುರುತು ವೈದ್ಯಾಧಿಕಾರಿಯ ದಫ್ತರದಲ್ಲಿಯೇ ಇರಲಿ. ನಕಾಶೆಯು ರೋಗವನ್ನು ತೋರಿಸಬೇಕು, ರೋಗಿಯನ್ನಲ್ಲ.

ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಅಧಿಕಾರಿಗಳು ಗಡಿ ತಾಲೂಕುಗಳಿಗೆಲ್ಲ ಒಂದೇ ನಕಾಶೆಯನ್ನು, ಗ್ರಾಮಪಂಚಾಯತಿವಾರು, ಕನ್ನಡ ಮರಾಠಿಗಳೆರಡರಲ್ಲಿಯೂ ಏರ್ಪಡಿಸತಕ್ಕದ್ದು. ಮಿರಜದಲ್ಲಿ ಪರೀಕ್ಷೆಯಾದ ಯಡೂರಿನ ರೋಗಿಯು ಯಡೂರಿನ ಲೆಕ್ಕದಲ್ಲಿಯೇ ಬರಬೇಕು. ಪರೀಕ್ಷೆಗಳೆಷ್ಟಾದವೆಂಬುದನ್ನೂ ಜೊತೆಗೆ ಕಾಣಿಸಬೇಕು. ಪರೀಕ್ಷೆಯಿಲ್ಲದ ಊರು ನಕಾಶೆಯಲ್ಲಿ ನಿರೋಗಿಯಾಗಿಯೇ ತೋರುವುದು. ಮುಂದಿನ ಮಹಾಮಾರಿಯನ್ನು ಕಾಯದೆ, ಡೆಂಗೀ ವಾಂತಿಭೇದಿಗಳಿಂದಲೇ ಈ ಅಭ್ಯಾಸವು ಆರಂಭವಾಗಲಿ.

ಇದು ಅಸಾಧ್ಯವೆಂದು ಯಾರೂ ಹೇಳಲಾಗದು. ಮಳೆಗಾಲದಲ್ಲಿ ಕೊಯ್ನಾ ಜಲಾಶಯದಿಂದ ನೀರು ಬಿಟ್ಟ ಸುದ್ದಿಯು ಗಡಿ ದಾಟಿ ನದಿತೀರದ ನಮ್ಮ ಊರುಗಳನ್ನು ಮುಟ್ಟುತ್ತದೆ. ನೆರೆಯ ಸುದ್ದಿಗೆ ದಾರಿಕೊಡುವ ಗಡಿಯು ರೋಗದ ಸುದ್ದಿಗೂ ದಾರಿಕೊಡಲಿ ಎಂದು ನಾವು ಉಭಯ ಸರಕಾರಗಳನ್ನು ಆಗ್ರಹಪಡಿಸುತ್ತೇವೆ.