ಪೇಟೆಂಟ್ ನೋಟಿಸಿಗೆ ಉತ್ತರ ಹಳೆಯ ಕಡತದಲ್ಲಿದೆ

ದಂತವೈದ್ಯರು ಚಿಕಿತ್ಸೆಯ ವೇಳೆ ರೋಗಿಯ ಬಾಯಿಯನ್ನು ಒಣಗಿಸಿಡಲು ಬಳಸುವ ಮೃದು ಸಿಲಿಕೋನ್ ಮೌತ್‌ಪೀಸ್ ಒಂದು ಇತ್ತೀಚಿನ ವರ್ಷಗಳಲ್ಲಿ ಪ್ರಚಾರಕ್ಕೆ ಬಂದಿದೆ. ಅದು ದವಡೆಗೆ ಆಸರೆ ನೀಡುತ್ತದೆ, ನಾಲಿಗೆಯನ್ನೂ ಕೆನ್ನೆಯನ್ನೂ ಬದಿಗೆ ಸರಿಸಿ ಹಿಡಿಯುತ್ತದೆ, ಜೊಲ್ಲನ್ನೂ ನೀರನ್ನೂ ಹೀರಿಕೊಳ್ಳುತ್ತದೆ. ವಿದೇಶದಲ್ಲಿ ಈ ಬಗೆಯ ಸಾಧನಗಳಿಗೆ ಪೇಟೆಂಟ್ ದೊರೆತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವರ್ತಕರಿಗೂ ಈ ವಸ್ತುವಿಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಪಕ್ಕದ ದಾವಣಗೆರೆಯಲ್ಲಿಯೇ ಎರಡು ದಂತವೈದ್ಯ ಕಾಲೇಜುಗಳಿವೆ. ಅಚ್ಚು ಹೊಯ್ಯುವ ಸಣ್ಣ ಘಟಕದವರೊಬ್ಬರು ನಾಳೆ ಅಲ್ಲಿಗೆ ಇಂತಹದೇ ಸಾಧನವನ್ನು ಪೂರೈಸಲು ಹೊರಟರೆ ಮೊದಲು ಎದುರಾಗುವುದು ಈ ಪೇಟೆಂಟಿನ ಪ್ರಶ್ನೆಯೇ.

ಆ ಸಾಧನವನ್ನು ಬಿಡಿಬಿಡಿಯಾಗಿ ನೋಡೋಣ. ಹಲ್ಲನ್ನು ಜೊಲ್ಲಿನಿಂದ ಪ್ರತ್ಯೇಕಿಸುವ ರಬ್ಬರ್ ಹಾಳೆಯನ್ನು ನ್ಯೂಯಾರ್ಕಿನ ದಂತವೈದ್ಯ ಸ್ಯಾನ್‌ಫರ್ಡ್ ಬಾರ್ನಮ್ 1864ರಲ್ಲಿಯೇ ಬಳಕೆಗೆ ತಂದರು. ಜೊಲ್ಲು ಹೀರುವ ಕೊಳವೆ, ಬಾಯಿ ತೆರೆದಿಡುವ ರಬ್ಬರ್ ತುಂಡು, ಇವೆಲ್ಲ ಹಳೆಯವು. ನಾಲಿಗೆಯನ್ನು ತಡೆಯುವ ಫಲಕವನ್ನೇ ಹೀರುಕೊಳವೆಗೆ ಜೋಡಿಸಿದ 'ಸ್ವೆಡಾಪ್ಟರ್' ಎಂಬ ಲೋಹದ ಸಾಧನವೂ ಬಹುಕಾಲದಿಂದ ಬಳಕೆಯಲ್ಲಿದೆ. ಹಾಗಾದರೆ ಇವನ್ನು ಒಂದೇ ಅಚ್ಚಿನಲ್ಲಿ ಕೂಡಿಸಿದ್ದು ಆವಿಷ್ಕಾರವೇ, ಕೇವಲ ಜೋಡಣೆಯೇ? ಪೇಟೆಂಟ್ ಕಾನೂನಿನ ಬಹುಪಾಲು ವ್ಯಾಜ್ಯಗಳು ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತವೆ. ಅರ್ಜಿಯ ದಿನಾಂಕಕ್ಕೆ ಮೊದಲೇ ಲೋಕಕ್ಕೆ ತಿಳಿದಿದ್ದ ಸಂಗತಿಗಳ ಒಟ್ಟು ಮೊತ್ತವನ್ನು 'ಪೂರ್ವಜ್ಞಾನ' ಎನ್ನುತ್ತಾರೆ. ಬಿಡಿಭಾಗಗಳೆಲ್ಲ ಹಳೆಯವಾದ ಮಾತ್ರಕ್ಕೆ ಪೇಟೆಂಟ್ ಬಿದ್ದುಹೋಗುವುದಿಲ್ಲ. ಕೂಡಿಸಿದ್ದರಿಂದ ಆ ಕಸುಬು ಬಲ್ಲವನಿಗೂ ಸಹಜವಾಗಿ ಹೊಳೆಯದ ಫಲ ದೊರೆತಿರಬೇಕು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಎಫ್) ವಿಧಿಯಂತೂ, ತಂತಮ್ಮ ಕೆಲಸವನ್ನು ತಾವು ಬೇರೆಬೇರೆಯಾಗಿಯೇ ಮಾಡುವ ಹಳೆಯ ಸಾಧನಗಳ ಬರಿಯ ಜೋಡಣೆ ಆವಿಷ್ಕಾರವೇ ಅಲ್ಲವೆಂದು ಹೇಳುತ್ತದೆ.

ಈ ವಿಷಯದಲ್ಲಿ ಸಣ್ಣ ಉತ್ಪಾದಕರು ಓದಲೇಬೇಕಾದ ತೀರ್ಪು ಪಾತ್ರೆ ತಯಾರಕರಿಗೆ ಸಂಬಂಧಿಸಿದ್ದು. ಉತ್ತರ ಪ್ರದೇಶದ ಮಿರ್ಜಾಪುರದ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಸಂಸ್ಥೆಯು ಲೇಥ್ ಯಂತ್ರದಲ್ಲಿ ಪಾತ್ರೆಯನ್ನು ಬಿಗಿಯಾಗಿ ಹಿಡಿದು ತಿರುಗಿಸುವ ಒಂದು ವಿಧಾನಕ್ಕೆ 1951ರಿಂದ ಅನ್ವಯಿಸುವಂತೆ ಪೇಟೆಂಟ್ ಪಡೆಯಿತು. ವಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬ ಇನ್ನೊಂದು ಸಂಸ್ಥೆ ಅದೇ ವಿಧಾನವನ್ನು ಬಳಸುತ್ತಿದೆಯೆಂದು ದಾವೆ ಹೂಡಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1978ರ ಡಿಸೆಂಬರಿನಲ್ಲಿ ಇತ್ಯರ್ಥವಾಯಿತು. ಎರಡೂ ತುದಿಗಳಲ್ಲಿ ವಸ್ತುವನ್ನು ಒತ್ತಿ ಹಿಡಿಯುವುದು ಲೇಥ್ ಬಲ್ಲವರಿಗೆಲ್ಲ ತಿಳಿದ ಹಳೆಯ ಕ್ರಮ, ಇದು ಕಾರ್ಖಾನೆಯಲ್ಲಿ ಯಾವ ನುರಿತ ಕೆಲಸಗಾರನೂ ಮಾಡಬಹುದಾದ ಸುಧಾರಣೆಯಷ್ಟೇ ಎಂದು ನ್ಯಾಯಾಲಯ ಪೇಟೆಂಟನ್ನು ರದ್ದುಗೊಳಿಸಿತು. ಪೇಟೆಂಟ್ ನೀಡಿಕೆಯೇ ಅದರ ಸಿಂಧುತ್ವಕ್ಕೆ ಖಾತರಿಯಲ್ಲ ಎಂಬ ತತ್ವವೂ ಅಲ್ಲಿ ಸ್ಪಷ್ಟವಾಯಿತು. ಪ್ರಮಾಣಪತ್ರದ ಮೇಲಿನ ಮೊಹರು ಕಂಡೊಡನೆ ಕೈಚೆಲ್ಲಿ ಕುಳಿತುಕೊಳ್ಳುವ ನಮ್ಮವರು ಈ ಮಾತನ್ನು ನೆನಪಿನಲ್ಲಿಡಬೇಕು. ಆದರೆ ಕಾಲು ಶತಮಾನ ಹೋರಾಡುವ ಶಕ್ತಿ ಎಷ್ಟು ಜನರಿಗಿದ್ದೀತು?

ನಮ್ಮ ರಾಜ್ಯಕ್ಕೆ ಹತ್ತಿರದ ಉದಾಹರಣೆ ಬೇವಿನದು. ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿಯು ಭಾರತೀಯ ಪಾಲುದಾರ ಸಂಸ್ಥೆಯೊಂದರೊಡನೆ 1990ರ ದಶಕದ ಆರಂಭದಲ್ಲಿ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಘಟಕವನ್ನು ತೆರೆಯಿತು. ಅದೇ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಜಂಟಿಯಾಗಿ, ಬೇವಿನ ಎಣ್ಣೆಯಿಂದ ಸಸ್ಯಗಳ ಶಿಲೀಂಧ್ರ ರೋಗ ತಡೆಯುವ ವಿಧಾನಕ್ಕೆ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಹಕ್ಕು ನೀಡಿತು. ಬೇವಿನ ಹಿಂಡಿಯನ್ನೂ ಎಣ್ಣೆಯನ್ನೂ ಹೊಲಕ್ಕೆ ಬಳಸುವುದು ಯಾರ ಆವಿಷ್ಕಾರವೆಂದು ನಮ್ಮ ಭಾಗದ ರೈತನನ್ನು ಕೇಳಿದರೆ ಆತ ನಕ್ಕಾನು. ಆದರೆ ಮ್ಯೂನಿಕ್ ನಗರದ ವಿಚಾರಣಾ ಕೊಠಡಿಯಲ್ಲಿ ನಗೆ ಸಾಕ್ಷ್ಯವಾಗುವುದಿಲ್ಲ. ವಂದನಾ ಶಿವ ಮತ್ತು ಇತರರು 1995ರಲ್ಲಿ ಆಕ್ಷೇಪಣೆ ಸಲ್ಲಿಸಿದರು. 1980ರ ದಶಕದ ಮಧ್ಯಭಾಗದಲ್ಲಿಯೇ ಮಹಾರಾಷ್ಟ್ರದ ಹೊಲಗಳಲ್ಲಿ ಇಂತಹ ಪ್ರಯೋಗ ನಡೆಸಿದ್ದೆವೆಂದು ಭಾರತದ ಕಾರ್ಖಾನೆ ಮಾಲೀಕರೊಬ್ಬರು ಅಲ್ಲಿಗೆ ಹೋಗಿ ಸಾಕ್ಷ್ಯ ನುಡಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಕಂಪನಿಯ ಮೇಲ್ಮನವಿಯೂ 2005ರ ಮಾರ್ಚ್‌ನಲ್ಲಿ ವಜಾ ಆಯಿತು. ಬೇವಿನ ಎಲ್ಲ ಪೇಟೆಂಟುಗಳೂ ಬಿದ್ದುಹೋದವೆಂದು ಭಾಷಣಗಳಲ್ಲಿ ಹೇಳುವುದುಂಟು, ಅದು ಸರಿಯಲ್ಲ. ರದ್ದಾದದ್ದು ಶಿಲೀಂಧ್ರ ನಿಯಂತ್ರಣದ ಆ ಒಂದು ಪೇಟೆಂಟ್.

ಅರಿಸಿನದ ಪ್ರಕರಣವೂ ಇದೇ ಪಾಠವನ್ನು ಬೇರೆ ಬಗೆಯಲ್ಲಿ ಹೇಳುತ್ತದೆ. ಗಾಯ ಮಾಯಲು ಅರಿಸಿನ ಬಳಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ದೊರೆತಾಗ, ಕೇಂದ್ರದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ಬಳಕೆ ಲೆಕ್ಕಕ್ಕೇ ಇರಲಿಲ್ಲ, ಹೊರದೇಶದ ಮುದ್ರಿತ ದಾಖಲೆಗೆ ಮಾತ್ರ ಬೆಲೆಯಿತ್ತು. ಕೋಟ್ಯಂತರ ಅಜ್ಜಿಯರ ಅನುಭವ ಕೆಲಸಕ್ಕೆ ಬರಲಿಲ್ಲ. ಪ್ರಾಚೀನ ಗ್ರಂಥಗಳೂ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಲೇಖನವೂ ಕೆಲಸಕ್ಕೆ ಬಂದವು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ಭಾರತದ ಕಾಯ್ದೆ ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. ದೇಶದಲ್ಲಿ ಸಾರ್ವಜನಿಕವಾಗಿ ತಿಳಿದಿದ್ದ ಅಥವಾ ಬಳಕೆಯಲ್ಲಿದ್ದ ಸಂಗತಿ, ಸ್ಥಳೀಯ ಸಮುದಾಯದ ಬಾಯಿಮಾತಿನ ಜ್ಞಾನ ಸಹ, 25ನೆಯ ವಿಧಿಯಡಿ ಆಕ್ಷೇಪಣೆಗೆ ಆಧಾರವಾಗುತ್ತದೆ. ಅರ್ಜಿ ಪ್ರಕಟವಾದ ಬಳಿಕ ಪೇಟೆಂಟ್ ದೊರೆಯುವ ಮುನ್ನ ಯಾರಾದರೂ ಆಕ್ಷೇಪಿಸಬಹುದು. ದೊರೆತುದು ಪ್ರಕಟವಾದ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ಆಕ್ಷೇಪಿಸಬಹುದು. ಕರ್ನಾಟಕದವರಿಗೆ ಸಂಬಂಧಿಸಿದ ಕಚೇರಿ ಚೆನ್ನೈಯಲ್ಲಿದೆ. 2024ರ ನಿಯಮ ತಿದ್ದುಪಡಿಯಿಂದ ಮೊದಲ ಬಗೆಯ ಆಕ್ಷೇಪಣೆಗೂ ಶುಲ್ಕ ಬಂದಿರುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮವಲ್ಲ. ಸಾರ್ವಜನಿಕ ಹಿತಕ್ಕಾಗಿ ಹಳೆಯ ಪುರಾವೆ ಹುಡುಕಿ ಕೊಡುವವನಿಂದಲೇ ಹಣ ಕೇಳಿದಂತಾಯಿತು. ಅವಧಿ ಮೀರಿದರೂ ದಾರಿ ಮುಚ್ಚಿಲ್ಲ: ಉಲ್ಲಂಘನೆಯ ದಾವೆ ಬಂದಾಗ ಪೇಟೆಂಟೇ ಅಸಿಂಧುವೆಂದು ವಾದಿಸಲು 107ನೆಯ ವಿಧಿ ಅವಕಾಶ ನೀಡುತ್ತದೆ. ಆಧಾರವಿಲ್ಲದೆ ದಾವೆಯ ಬೆದರಿಕೆ ಹಾಕುವವರ ವಿರುದ್ಧ 106ನೆಯ ವಿಧಿಯಡಿ ನಾವೇ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಮತ್ತು ನಷ್ಟಪರಿಹಾರ ಕೇಳಬಹುದು.

ಇಷ್ಟೆಲ್ಲ ಇದ್ದೂ ನಮ್ಮವರು ಸೋಲುವುದು ಎಲ್ಲಿ? ಕಡತದಲ್ಲಿ. ಲೆಕ್ಕಪರಿಶೋಧಕನಾಗಿ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ವಿಧಿಯಂತೆ ದಾಖಲೆಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಿದರೆ ಸಾಕು. ಕಂಪನಿಗಳಾದರೆ ಎಂಟು ವರ್ಷ. ಅವಧಿ ಮುಗಿದೊಡನೆ ಕಿರ್ದಿ, ಖಾತೆ, ಬಿಲ್ಲಿನ ಪುಸ್ತಕಗಳೆಲ್ಲ ರದ್ದಿ ಅಂಗಡಿಗೆ ಹೋಗುತ್ತವೆ. ತೆರಿಗೆಯ ಮಟ್ಟಿಗೆ ಇದರಲ್ಲಿ ತಪ್ಪಿಲ್ಲ. ಆದರೆ ಪೇಟೆಂಟಿನ ಆಯುಷ್ಯ ಅರ್ಜಿಯ ದಿನಾಂಕದಿಂದ 20 ವರ್ಷ. ಇಂದು ನೀವು ಮಾರಿದ ಸಾಧನಕ್ಕೆ ಮುಂದಿನ ವರ್ಷ ಇನ್ನಾರೋ ಅರ್ಜಿ ಹಾಕಿ, ಹದಿನೈದನೆಯ ವರ್ಷದಲ್ಲಿ ನಿಮಗೆ ನೋಟಿಸು ಕಳುಹಿಸಿದರೆ, ಇಂದಿನ ಬಿಲ್ಲು ಎಲ್ಲಿರುತ್ತದೆ?

ಇನ್ನು ಆ ಬಿಲ್ಲಿನಲ್ಲಿ ಏನಿರುತ್ತದೆ ಎಂಬುದೂ ಮುಖ್ಯ. ನಮ್ಮ ತಾಲ್ಲೂಕುಗಳಲ್ಲಿ ಕೂರಿಗೆಗೆ ಹೊಸ ತಾಳು ಜೋಡಿಸುವ, ಶೇಂಗಾ ಸುಲಿಯುವ ಯಂತ್ರದ ಜರಡಿಯನ್ನು ಮಾರ್ಪಡಿಸುವ, ಟ್ರ್ಯಾಕ್ಟರ್ ಕುಂಟೆಗೆ ಬೇರೆ ಬಗೆಯ ಹಲ್ಲು ಬೆಸೆಯುವ ವೆಲ್ಡಿಂಗ್ ಶಾಪಿನವರು ಎಷ್ಟೋ ಮಂದಿ. ಅವರ ಬಿಲ್ಲಿನಲ್ಲಿ 'ಕಬ್ಬಿಣದ ಸಾಮಾನು, 1' ಎಂದಷ್ಟೇ ಇರುತ್ತದೆ. ಅದು ತೆರಿಗೆ ಅಧಿಕಾರಿಗೆ ಸಾಕಾದೀತು, ಪೇಟೆಂಟ್ ನಿಯಂತ್ರಕರಿಗೆ ಸಾಲದು. ವಸ್ತುವಿನ ಹೆಸರು, ಮಾದರಿ ಸಂಖ್ಯೆ, ಅದೇ ಸಂಖ್ಯೆಯುಳ್ಳ ಅಳತೆಸಹಿತ ನಕಾಶೆ, ದಿನಾಂಕ ಕಾಣುವ ಛಾಯಾಚಿತ್ರ, ಕೊಂಡವರ ಸಹಿಯುಳ್ಳ ಡೆಲಿವರಿ ಚಲನ್: ಇವು ಒಂದಕ್ಕೊಂದು ತಾಳೆಯಾದಾಗಲೇ ಹಿಂದಿನ ಬಳಕೆ ರುಜುವಾತಾಗುತ್ತದೆ. ಇವುಗಳಿಗೆ ಒಂದು ಪ್ರತ್ಯೇಕ ಕಡತವಿರಲಿ, ಅದು ರದ್ದಿಗೆ ಹೋಗದಿರಲಿ.

ಸಂಘಕ್ಕೂ ಒಂದು ಸಲಹೆಯಿದೆ. ಈ ಮಾಸಪತ್ರಿಕೆ ತಿಂಗಳು, ವರ್ಷ ನಮೂದಿಸಿ ಮುದ್ರಿತವಾಗುವ ಪ್ರಕಟಣೆ. ಸದಸ್ಯರ ಹೊಸ ಸಾಧನಗಳ ಚಿತ್ರ ಮತ್ತು ಕೆಲಸ ಮಾಡುವ ಕ್ರಮದ ವಿವರಣೆಗೆ ಪ್ರತಿ ತಿಂಗಳು ಒಂದು ಪುಟ ಮೀಸಲಿಟ್ಟರೆ, ಪ್ರಕಟವಾದ ದಿನದಿಂದಲೇ ಅದು ಪೂರ್ವಜ್ಞಾನದ ದಾಖಲೆಯಾಗುತ್ತದೆ. ಆಮೇಲೆ ಅರ್ಜಿ ಹಾಕುವ ಪರಸ್ಥಳದವರು ಅದನ್ನು ದಾಟಿ ಬರಬೇಕಾಗುತ್ತದೆ. ಸಂಚಿಕೆಯ ಪ್ರತಿಗಳನ್ನು ತಾಲ್ಲೂಕು ಗ್ರಂಥಾಲಯಗಳಿಗೂ ತಪ್ಪದೆ ಕಳುಹಿಸಬೇಕು. ಆದರೆ ಈ ಕತ್ತಿಗೆ ಎರಡೂ ಕಡೆ ಅಲಗು. ತನ್ನ ಸಾಧನಕ್ಕೆ ತಾನೇ ಪೇಟೆಂಟ್ ಬಯಸುವ ಸದಸ್ಯನು ಮೊದಲು ಇಲ್ಲಿ ಪ್ರಕಟಿಸಿದರೆ ಅಥವಾ ಜಾತ್ರೆಯಲ್ಲಿ ಮಾರಿದರೆ ತನ್ನ ಹಕ್ಕನ್ನು ತಾನೇ ಕಳೆದುಕೊಂಡಂತೆ. ಅಂಥವರು ಮೊದಲು ತಾತ್ಕಾಲಿಕ ವಿವರಣೆಯೊಡನೆ ಅರ್ಜಿ ಸಲ್ಲಿಸಬೇಕು. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಆನ್‌ಲೈನ್ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆ ಸಲ್ಲಿಸಲು ಅಲ್ಲಿಂದ 12 ತಿಂಗಳ ಅವಕಾಶವಿದೆ.