ತೋರಿಕೆಯ ಬರಹವೂ ತಾತ್ಪರ್ಯದ ಬರಹವೂ

ಬ್ರೌಸರಿನೊಳಗೇ ಜಾಲಪುಟವನ್ನು ಬರೆದು ತಿದ್ದುವ ಎಡಿಟರುಗಳು ಈಗ ಎಲ್ಲೆಲ್ಲಿಯೂ ಬಳಕೆಗೆ ಬಂದಿರುವುವು. ಸಂಘದ ವರದಿಯನ್ನಾಗಲಿ ಪಾಠಶಾಲೆಯ ಪ್ರಕಟನೆಯನ್ನಾಗಲಿ ಪುಟದ ಮೇಲೆಯೇ ಬರೆದು, ಗುಂಡಿಯೊಂದನ್ನೊತ್ತಿ ಅಕ್ಷರಗಳನ್ನು ದಪ್ಪವಾಗಿಸಿ ಪ್ರಕಟಿಸಿಬಿಡಬಹುದು. ಈ ಸೌಕರ್ಯವನ್ನು ಹಳಿಯುವುದು ಅವಿವೇಕವೇ ಸರಿ. ಆದರೆ "ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕು, ಒಳಗೆ ಏನಿದ್ದರೇನು?" ಎಂದು ವಾದಿಸುವ ಮಹಾಶಯರ ಮಾತು ಪರೀಕ್ಷೆಗೆ ನಿಲ್ಲುವಂತಹದಲ್ಲ.

ಜಾಲಪುಟಕ್ಕೆ ಶರೀರಗಳು ಎರಡು. ಕಣ್ಣಿಗೆ ಕಾಣುವುದು ಒಂದು. ಅದರ ಹಿಂದೆ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯಲ್ಲಿ ಅಡಗಿರುವುದು ಮತ್ತೊಂದು. ಇದು ಶೀರ್ಷಿಕೆ, ಇದು ಪಟ್ಟಿ, ಇದು ಒತ್ತಿ ಹೇಳಿದ ಮಾತು ಎಂದು ಪ್ರತಿಯೊಂದು ಭಾಗದ ಸ್ವರೂಪವನ್ನು ತಿಳಿಸುವುದೇ ಆ ಭಾಷೆಯ ಧರ್ಮ. ವೇದಪಾಠಕರು ಸಂಹಿತಾಪಾಠದೊಡನೆ ಪದಪಾಠವನ್ನೂ ಕಾಪಾಡಿಕೊಂಡು ಬಂದುದು, ಕಿವಿಗೆ ಒಂದಾಗಿ ಕೇಳುವುದರೊಳಗಿನ ಪದವಿಭಾಗವು ಕೆಡಬಾರದೆಂದೇ ಅಲ್ಲವೆ?

ಕೆಟ್ಟ ಎಡಿಟರು ಮಾಡುವುದೇನು? ಬರೆಯುವವನು ಒಂದು ಸಾಲನ್ನು ಶೀರ್ಷಿಕೆಯೆಂದು ಭಾವಿಸಿ ದೊಡ್ಡದಾಗಿಸಿದರೆ, ಒಳಗೆ 'ದೊಡ್ಡ ಅಕ್ಷರ' ಎಂದಷ್ಟೇ ದಾಖಲಿಸುವುದು. ಕಣ್ಣುಳ್ಳವನಿಗೆ ಶೀರ್ಷಿಕೆಯೇ ಕಾಣುವುದು. ದೃಷ್ಟಿಯಿಲ್ಲದವನು ಸ್ಕ್ರೀನ್ ರೀಡರ್ ಎಂಬ ಸಾಧನದಿಂದ ಪುಟವನ್ನು ಕೇಳುವಾಗ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಿ ತನಗೆ ಬೇಕಾದ ಭಾಗವನ್ನು ಹುಡುಕುವನು. ಇಲ್ಲಿ ಶೀರ್ಷಿಕೆಯೇ ಇಲ್ಲ! ನಾಲ್ಕು ಸಾಲಿನ ವಿಷಯಕ್ಕಾಗಿ ಮೊದಲಿನಿಂದ ಕೊನೆಯವರೆಗೂ ಕೇಳುತ್ತ ಕೂರಬೇಕು. ಪುಟದ ಅಂದವನ್ನು ಹೊಗಳುವವರು ಒಂದು ಗಳಿಗೆ ಅವನ ಬಳಿ ಕುಳಿತು ನೋಡಲಿ.

ಈ ದೋಷಕ್ಕೆ ಮೂಲವುಂಟು. ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಸೆರ್ನ್ ಸಂಸ್ಥೆಯಲ್ಲಿ ರಚಿಸಿದ ಪ್ರಥಮ ಬ್ರೌಸರು ಓದುವುದಕ್ಕೂ ಬರೆಯುವುದಕ್ಕೂ ಒದಗುತ್ತಿತ್ತು. ತರುವಾಯ ಲೋಕದಲ್ಲಿ ಹರಡಿದ ಬ್ರೌಸರುಗಳು ಬಹುಮಟ್ಟಿಗೆ ಓದುವುದಕ್ಕೆ ಮಾತ್ರವೇ ಆದುವು. 2000ದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5 'ಕಂಟೆಂಟ್‌ಎಡಿಟಬಲ್' ಎಂಬ ಉಪಾಯದಿಂದ ಪುಟದೊಳಗೇ ಬರೆಯುವ ದಾರಿಯನ್ನು ತೆರೆಯಿತು. ಆದರೆ ಒಳಗೆ ಏನನ್ನು ದಾಖಲಿಸಬೇಕೆಂಬ ವಿಷಯದಲ್ಲಿ ಒಮ್ಮತವಿರಲಿಲ್ಲ. ಎಂಟರ್ ಕೀಲಿಯನ್ನು ಒತ್ತಿದರೆ ಒಂದು ಬ್ರೌಸರು ಹೊಸ ಪ್ಯಾರಾ ಎಂದಿತು. ಇನ್ನೊಂದು ಅರ್ಥಶೂನ್ಯವಾದ 'ಡಿವ್' ಎಂದಿತು. ಮತ್ತೊಂದು ಬರಿಯ ಸಾಲುಮುರಿತವೆಂದಿತು. ಒಂದೇ ಕೀಲಿಗೆ ಮೂರು ವ್ಯಾಕರಣ!

ಇದನ್ನು ಕಂಡು, ಟ್ಯಾಗುಗಳನ್ನು ಕೈಯಿಂದಲೇ ಬರೆಯತಕ್ಕದ್ದು, ಅದೇ ಶುದ್ಧಮಾರ್ಗ ಎಂದು ಸಾರುವ ಪಂಡಿತರೂ ಉಂಟು. ಅವರ ಶುದ್ಧಿಯು ಅವರೊಬ್ಬರಿಗೇ ಸಾಕು. ಗೃಹಿಣಿಯೂ ರೈತನೂ ಸಂಕೇತಭಾಷೆಯನ್ನು ಕಲಿತ ಮೇಲೆಯೇ ಬರೆಯಬೇಕೆಂದರೆ ಬರೆಯುವವರೇ ಇರಲಾರರು. ಮೂರನೆಯ ದಾರಿಯೊಂದು ಸಿದ್ಧವಾಗಿಯೇ ಇದೆ. ವೈಮ್‌ಎಡಿಟರ್ ಎಂಬುದು ಬಣ್ಣ ಗಾತ್ರಗಳ ಗೊಡವೆಯನ್ನು ಬಿಟ್ಟು, 'ಇದು ಏನು?' ಎಂದು ಬರೆಯುವವನನ್ನು ಕೇಳಿ ನಿಯಮಬದ್ಧವಾದ ಸಂಕೇತವನ್ನೇ ಹೊರಡಿಸಿತು. 2015ರಲ್ಲಿ ಹೊರಬಂದ ಪ್ರೋಸ್‌ಮಿರರ್ ಬರಹದ ರಚನೆಗೆ ಒಂದು ಶಾಸನವನ್ನು ಮೊದಲೇ ವಿಧಿಸಿ, ಅದಕ್ಕೆ ಒಗ್ಗದುದನ್ನು ಒಳಗೆ ಬಿಡದು. ಬರೆಯುವ ಸಾಧನಗಳು ಅಂಗವಿಕಲರಿಗೂ ಎಟುಕುವ ಪುಟಗಳನ್ನು ಹೊರಡಿಸಬೇಕೆಂದು ಡಬ್ಲ್ಯು3ಸಿ ಸಂಸ್ಥೆಯೂ ಅದೇ ವರ್ಷ ನಿರ್ದೇಶನವನ್ನಿತ್ತಿದೆ. ಇಷ್ಟಾದ ಮೇಲೂ ತೋರಿಕೆಯನ್ನೇ ಮಾರುವವರಿಗೆ ಅಶಕ್ಯತೆಯ ನೆಪವೆಲ್ಲಿ?

ತೋರಿಕೆಗೆ ಮರುಳಾದುದರ ಫಲವನ್ನು ಕನ್ನಡಿಗರು ಬೇರೊಂದು ಕಡೆ ಉಂಡಿದ್ದಾರೆ. ಯೂನಿಕೋಡಿನಲ್ಲಿ ಕನ್ನಡವು 1991ರಿಂದಲೇ ಇದ್ದರೂ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನಿಟ್ಟು ಮೇಲೆ ಕನ್ನಡದ ವೇಷವನ್ನು ತೊಡಿಸುವ ಫಾಂಟುಗಳಲ್ಲಿ ಎಷ್ಟೋ ಬರಹಗಳು ಸಿದ್ಧವಾದುವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅವು ಹುರುಳಿಲ್ಲದ ಚಿಹ್ನೆಗಳ ರಾಶಿ. ಕನ್ನಡ ಪದವನ್ನಿತ್ತು ಹುಡುಕಿದರೆ ಸಿಕ್ಕುವುದಿಲ್ಲ.

ನಿಯಮವನ್ನು ವಿಧಿಸಿದರೆ ಅಲಂಕಾರದ ಸ್ವಾತಂತ್ರ್ಯವು ಹೋಗುವುದೆಂಬ ಆಕ್ಷೇಪವೊಂದು ಉಳಿಯಿತು. ಅಲಂಕಾರಕ್ಕೆಂದೇ ಸಿಎಸ್‌ಎಸ್ ಎಂಬ ಪ್ರತ್ಯೇಕ ಭಾಷೆಯು 1996ರಿಂದ ಇದೆಯಷ್ಟೆ. ಅದರ ಒಂದು ಕಡತವನ್ನು ತಿದ್ದಿದರೆ ನೂರು ಪುಟಗಳ ಶೀರ್ಷಿಕೆಗಳೂ ಒಮ್ಮೆಗೇ ಬಣ್ಣ ಬದಲಾಯಿಸುವುವು. ಪುಟಪುಟದಲ್ಲಿಯೂ ಬಣ್ಣ ಬಳಿದಿಟ್ಟವನು ನೂರು ಸಲ ಕುಳಿತು ಅಳಿಸಿ ಬಳಿಯಬೇಕು.